ಉದ್ದರಿ ಪುಸ್ತಕದಿಂದ ಬ್ಯಾಂಕ್ ಖಾತೆಯವರೆಗೆ

ಕೆನ್ಯಾದ ವಾಯವ್ಯ ಮೂಲೆಯಲ್ಲಿರುವ ಕಾಕುಮಾ ನಿರಾಶ್ರಿತರ ಶಿಬಿರದಲ್ಲಿ ತಿಂಗಳ ಕೊನೆಗೆ ಕೈ ಬರಿದಾಗುತ್ತದೆ. ಮನೆಯಾಕೆ ತಗಡಿನ ಅಂಗಡಿಗೆ ಹೋಗಿ ಮೆಕ್ಕೆಜೋಳದ ಹಿಟ್ಟು, ಎಣ್ಣೆ, ಸಕ್ಕರೆ ತರುತ್ತಾಳೆ. ಅಂಗಡಿಯವನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ನೆರವಿನ ಹಣ ಬೀಳುವ ಸಿಮ್ಮನ್ನೋ ಎಟಿಎಂ ಕಾರ್ಡನ್ನೋ ಅವನಲ್ಲೇ ಒತ್ತೆ ಇಟ್ಟು ಬರುವುದೂ ಉಂಟು. ಹಣ ಜಮೆಯಾದ ದಿನ ಬಾಕಿ ಚುಕ್ತಾ, ಮರುದಿನದಿಂದ ಮತ್ತೆ ಉದ್ದರಿ. ನಮ್ಮ ಕಿರಾಣಿ ಅಂಗಡಿಗಳ ಲೆಕ್ಕ ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಆದರೆ ನೆರವು ಹಂಚುವ ಸಂಸ್ಥೆಗಳಿಗೆ ಈ ಪುಸ್ತಕ ಕಣ್ಣಿಗೆ ಬೀಳಲು ದಶಕಗಳೇ ಹಿಡಿದವು.

ನೆಲೆ ಕಳೆದುಕೊಂಡವರಿಗೆ ಅನ್ನದ ಜತೆ ಬಂಡವಾಳವನ್ನೂ ಕೊಡಬೇಕೆಂಬ ವಿಚಾರ ಹಳೆಯದು. ಏಷ್ಯಾ ಮೈನರಿನಿಂದ ಗ್ರೀಸಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದಿಳಿದಾಗ, 1923ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪುನರ್ವಸತಿ ಆಯೋಗವೊಂದು ಹುಟ್ಟಿತು. ಮರುವರ್ಷ ಎತ್ತಿದ ಅಂತರರಾಷ್ಟ್ರೀಯ ಸಾಲದಿಂದ ಅದು ನಿರಾಶ್ರಿತರನ್ನು ಹೊಲ, ಮನೆಗಳಲ್ಲಿ ನೆಲೆಗೊಳಿಸಿತು. ದೇಶ ವಿಭಜನೆಯ ನಂತರ ಭಾರತವೂ 1948ರಲ್ಲಿ ಕಾಯ್ದೆ ಮಾಡಿ, ನಿರಾಶ್ರಿತರ ಉದ್ಯಮಗಳಿಗೆ ಸಾಲ ಕೊಡಲೆಂದೇ ಪುನರ್ವಸತಿ ಹಣಕಾಸು ಆಡಳಿತವನ್ನು ಸ್ಥಾಪಿಸಿತು. ಎರಡೂ ಕಡೆ ಬಂದವರು ಆ ದೇಶದ ಪ್ರಜೆಗಳೇ ಆದರು; ಸಾಲಪತ್ರದಲ್ಲಿ ಬರೆಯಲು ಅವರಿಗೊಂದು ವಿಳಾಸ ಸಿಕ್ಕಿತು.

ಆಮೇಲೆ ಬಂದ ಕಾಲದಲ್ಲಿ ಆ ವಿಳಾಸವೇ ಇಲ್ಲವಾಯಿತು. 1951ರ ನಿರಾಶ್ರಿತರ ಒಡಂಬಡಿಕೆಯ 17ರಿಂದ 19ನೇ ವಿಧಿಗಳು ದುಡಿಮೆ, ಸ್ವಂತ ಉದ್ಯೋಗಗಳ ಮಾತಾಡಿದರೂ, ಅನೇಕ ದೇಶಗಳು ಬಂದವರನ್ನು ಶಿಬಿರದೊಳಗಿಟ್ಟು ಪಡಿತರ ಹಂಚುತ್ತ ಕುಳಿತವು. 1992ರಲ್ಲಿ ಆರಂಭವಾದ ಕಾಕುಮಾ ಅಂಥದ್ದೇ ಶಿಬಿರ; ಹೊರಗೆ ಹೋಗಲೂ ಅನುಮತಿ ಬೇಕು.

ಆ ಒಡಂಬಡಿಕೆಗೆ ಸಹಿಯನ್ನೇ ಹಾಕದ ಭಾರತದಲ್ಲಿ, ನಮ್ಮ ಬೈಲುಕುಪ್ಪೆಯ ಕತೆ ಬೇರೆ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ರಾಜ್ಯ ಕೊಟ್ಟ ಸುಮಾರು 3,000 ಎಕರೆಯಲ್ಲಿ ಟಿಬೆಟನ್ನರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು. ಚಳಿಗಾಲದಲ್ಲಿ ಸ್ವೆಟರ್ ಗಂಟು ಹೊತ್ತು ನಗರಗಳ ಫುಟ್‌ಪಾತ್ ಸೇರಿದರು. ಲೂಧಿಯಾನದ ಉಣ್ಣೆ ಬಟ್ಟೆ ವರ್ತಕರು ಸರಕನ್ನು ಉದ್ದರಿಗೇ ಕೊಡುತ್ತಾರೆ, ಹಂಗಾಮು ಮುಗಿದ ಮೇಲೆ ಲೆಕ್ಕ. ಬಾಯಿಮಾತಿನ ನಂಬಿಕೆಯ ಈ ಸಾಲ ದಶಕಗಳಿಂದ ನಡೆದು ಬಂದಿದೆ. ಉಳುವ ಹೊಲದ ಪಹಣಿ ತಮ್ಮ ಹೆಸರಿನಲ್ಲಿಲ್ಲದವರಿಗೆ ಬ್ಯಾಂಕಿನ ಸಾಲ ಮಾತ್ರ ದೂರವೇ ಉಳಿಯಿತು. ಅವರಿಗೆ ವ್ಯಾಪಾರ ಪರವಾನಗಿ ಕೊಡಬಹುದೆಂದು ಕೇಂದ್ರ ಸರ್ಕಾರದ ನೀತಿ ಸ್ಪಷ್ಟವಾಗಿ ಹೇಳಿದ್ದು 2014ರಲ್ಲಿ.

ಕಾಲದ ಗಾಳಿ ತಿರುಗಿದ್ದು ಉಗಾಂಡದಲ್ಲಿ. ಅಲ್ಲಿನ 2006ರ ಕಾಯ್ದೆ ನಿರಾಶ್ರಿತರಿಗೆ ದುಡಿಯುವ, ಓಡಾಡುವ, ಅಂಗಡಿ ಇಡುವ ಹಕ್ಕು ಕೊಟ್ಟಿತು. ಅದರ ಫಲವನ್ನು 2014ರಲ್ಲಿ ಆಕ್ಸ್‌ಫರ್ಡ್‌ನ ಅಲೆಕ್ಸಾಂಡರ್ ಬೆಟ್ಸ್ ತಂಡ ಅಂಕಿಗಳಲ್ಲಿ ತೋರಿಸಿತು: ಕಂಪಾಲಾದ ನಿರಾಶ್ರಿತರಲ್ಲಿ ಶೇ. 21 ಮಂದಿ ಬೇರೊಬ್ಬರಿಗೆ ಕೆಲಸ ಕೊಡುವ ವ್ಯಾಪಾರ ನಡೆಸುತ್ತಿದ್ದರು, ಅವರ ಕೆಲಸಗಾರರಲ್ಲಿ ಶೇ. 40 ಮಂದಿ ಉಗಾಂಡದವರೇ. ಬಂದವರು ಊರಿಗೆ ಭಾರ ಎಂಬ ಮಾತಿಗೆ ಇದು ನೇರ ಉತ್ತರವಾಯಿತು. ನಿರಾಶ್ರಿತರ ನೆರವಿನಲ್ಲಿ ಶೇ. 30 ಭಾಗ ಸ್ಥಳೀಯರಿಗೂ ಸಲ್ಲಬೇಕೆಂಬ ನಿಯಮ ಅಲ್ಲಿ ಊರವರ ಅಸಮಾಧಾನವನ್ನು ಹತೋಟಿಯಲ್ಲಿಡಲು ನೆರವಾಯಿತು.

ಕಾಕುಮಾದಲ್ಲಿ 2015ರಲ್ಲಿ ವಿಶ್ವ ಆಹಾರ ಕಾರ್ಯಕ್ರಮವು ಪಡಿತರದ ಒಂದು ಭಾಗವನ್ನು 'ಬಾಂಬಾ ಚಾಕುಲಾ' ಹೆಸರಿನಲ್ಲಿ ಮೊಬೈಲಿಗೆ ಕಳಿಸತೊಡಗಿತು. ಅದನ್ನು ಸ್ವೀಕರಿಸುವ ಪರವಾನಗಿ ನಿರಾಶ್ರಿತ ವ್ಯಾಪಾರಿಗಳಿಗೂ ಸ್ಥಳೀಯ ತುರ್ಕಾನಾ ವ್ಯಾಪಾರಿಗಳಿಗೂ ಸಿಕ್ಕಿತು. ಅಂತರರಾಷ್ಟ್ರೀಯ ಹಣಕಾಸು ನಿಗಮದ 2018ರ ವರದಿಯ ಪ್ರಕಾರ ಶಿಬಿರದಲ್ಲಿ 2,000ಕ್ಕೂ ಹೆಚ್ಚು ಅಂಗಡಿಗಳಿದ್ದವು, ಕಾಕುಮಾದಲ್ಲಿ ವರ್ಷಕ್ಕೆ 5.6 ಕೋಟಿ ಡಾಲರ್ ವಹಿವಾಟು ಇತ್ತು. ಜೋರ್ಡಾನಿನಲ್ಲಿ ಅದೇ ವರ್ಷದ ಕೊನೆಗೆ, ಸಿರಿಯಾದವರು ಮನೆಯಲ್ಲೇ ಅಡುಗೆ, ಹೊಲಿಗೆಯ ವ್ಯಾಪಾರ ನಡೆಸಲು ಪರವಾನಗಿ ಪಡೆಯಲು ಅವಕಾಶವಾಯಿತು.

ಹಣಕಾಸಿನ ಸಂಸ್ಥೆಗಳು ಬಂದದ್ದು ಕೊನೆಗೆ. ಓಡಿಹೋಗುವವರಿಗೆ ಸಾಲವೇ ಎಂಬ ಅನುಮಾನ ಬಲವಾಗಿತ್ತು. ಅದನ್ನು ಮೊದಲು ಸಡಿಲಿಸಿದವು ಉಳಿತಾಯ ಸಂಘಗಳು. 1991ರಲ್ಲಿ ನೈಜರ್‌ನಲ್ಲಿ ಕೇರ್ ಸಂಸ್ಥೆ ಆರಂಭಿಸಿದ ಮಾದರಿಯಲ್ಲಿ ಒಂದು ಪೆಟ್ಟಿಗೆ, ಮೂರು ಬೀಗ. ಮೂರು ಕೀಲಿ ಮೂವರ ಬಳಿ. ಮೂವರೂ ಸೇರದೆ ಪೆಟ್ಟಿಗೆ ತೆರೆಯದು, ಎಲ್ಲರ ಕಣ್ಣೆದುರೇ ಎಣಿಕೆ. ನಮ್ಮ ಹಳ್ಳಿಯ ಸ್ವಸಹಾಯ ಸಂಘದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2020ರಲ್ಲಿ ಉಗಾಫೋಡೆ ಎಂಬ ಕಿರುಸಾಲ ಸಂಸ್ಥೆ ಉಗಾಂಡದ ನಕಿವಾಲೆ ನಿರಾಶ್ರಿತರ ನೆಲೆಯೊಳಗೇ ಶಾಖೆ ತೆರೆಯಿತು.

ಈ ಯಶಸ್ಸಿಗೆ ಇನ್ನೊಂದು ಮಗ್ಗುಲಿದೆ. 'ಸ್ವಾವಲಂಬನೆ' ಎಂಬುದು ನೆರವು ಕಡಿತಕ್ಕೆ ನೆಪವಾಗಬಾರದೆಂದು ವಿಮರ್ಶಕರು ಎಚ್ಚರಿಸುತ್ತಲೇ ಬಂದಿದ್ದಾರೆ. 2025ರ ಅಂತರರಾಷ್ಟ್ರೀಯ ನೆರವಿನ ಕಡಿತ ಕಾಕುಮಾದ ಪಡಿತರಕ್ಕೂ ಕೈ ಹಾಕಿತು. ಗಿರಾಕಿಯ ಪಡಿತರ ಇಳಿದರೆ ಅಂಗಡಿಯ ಬಾಕಿ ಏರುತ್ತದೆ, ಸಗಟು ವ್ಯಾಪಾರಿಗೆ ಕೊಡಬೇಕಾದದ್ದು ನಿಂತುಹೋಗುತ್ತದೆ. ಅದೇ ಸಗಟಿನವನಿಗೆ ಆಡು ಮಾರುವ ತುರ್ಕಾನಾದವನೂ ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಶಿಬಿರ ಮತ್ತು ಊರು ಒಂದೇ ಪುಸ್ತಕದ ಎರಡು ಪುಟಗಳು.

ನೂರು ವರ್ಷದ ಈ ನಡಿಗೆಯಲ್ಲಿ ವ್ಯಾಪಾರಕ್ಕೆ ಯಾರೂ ಸಾಲಕ್ಕಾಗಿ ಕಾದು ಕೂತಿಲ್ಲ, ಉದ್ದರಿಯಲ್ಲೇ ಶುರುಮಾಡಿದ್ದಾರೆ. ತಡವಾದದ್ದು ಕಾಗದ: ಗುರುತಿನ ಚೀಟಿ, ಪರವಾನಗಿ, ಸಿಮ್, ಓಡಾಟದ ಹಕ್ಕು. ಕೆನ್ಯಾವೂ 2021ರಲ್ಲಿ ಹೊಸ ನಿರಾಶ್ರಿತರ ಕಾಯ್ದೆ ಮಾಡಿದೆ. ಅದು ಎಷ್ಟರಮಟ್ಟಿಗೆ ನೆಲಕ್ಕಿಳಿಯಿತೆಂದು ತಿಳಿಯಲು ದೊಡ್ಡ ವರದಿ ಬೇಡ. ಅಂಗಡಿಯವನ ಡ್ರಾಯರಿನಲ್ಲಿ ಒತ್ತೆ ಬಿದ್ದ ಕಾರ್ಡುಗಳು ಎಷ್ಟು ಕಡಿಮೆಯಾದವೆಂದು ಎಣಿಸಿದರೆ ಸಾಕು.