ಕೊಲಂಬಿಯಾದ ಆ ನಾಲ್ಕು ವರ್ಷ

1873ರ ಅಕ್ಟೋಬರ್ 7ರಂದು, ಅಮೆರಿಕದ ಕೊಲಂಬಿಯಾ ನಗರದಲ್ಲಿರುವ ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ವೈದ್ಯಕೀಯ ತರಗತಿಗೆ ಹೆನ್ರಿ ಹೇಯ್ನ್ ಹೆಸರು ನೋಂದಾಯಿಸಿದರು. ಕಪ್ಪು ಜನಾಂಗದ ಹೇಯ್ನ್ ಆಗ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್. ಸುದ್ದಿ ಹಬ್ಬಿದ್ದೇ ತಡ, ಕೆಲವು ಪ್ರಾಧ್ಯಾಪಕರು ರಾಜೀನಾಮೆ ಕೊಟ್ಟು ಹೊರನಡೆದರು. ಬಿಳಿಯ ವಿದ್ಯಾರ್ಥಿಗಳಲ್ಲಿ ಬಹುತೇಕರು ಗಂಟುಮೂಟೆ ಕಟ್ಟಿದರು. ಶಾಸನಸಭೆ ಅದಕ್ಕೆ ಜಗ್ಗಲಿಲ್ಲ. ಬೋಧನಾ ಶುಲ್ಕವನ್ನೇ ತೆಗೆದುಹಾಕಿತು, ವರ್ಷಕ್ಕೆ 200 ಡಾಲರಿನಂತೆ 124 ವಿದ್ಯಾರ್ಥಿವೇತನಗಳನ್ನು ಗೊತ್ತುಮಾಡಿತು.

ಗುಲಾಮರಿಗೆ ಅಕ್ಷರ ಕಲಿಸಿದರೆ ಶಿಕ್ಷೆ ಎಂದು 1834ರಲ್ಲಿ ಕಾನೂನು ಬರೆದಿದ್ದ ರಾಜ್ಯವಿದು. ವಿಶ್ವವಿದ್ಯಾಲಯದ ಕಟ್ಟಡಗಳು ಎದ್ದದ್ದೂ ಗುಲಾಮರ ದುಡಿಮೆಯಿಂದಲೇ. ವಿಶ್ವವಿದ್ಯಾಲಯದ ಅಧ್ಯಕ್ಷರ ಮನೆಯ ಹಿಂಬದಿಯಲ್ಲಿ ಇಟ್ಟಿಗೆಯದೊಂದು ಪುಟ್ಟ ಕಟ್ಟಡವಿದೆ. ಅಡುಗೆಮನೆಯೂ ಗುಲಾಮರ ಬಿಡಾರವೂ ಅದೇ ಆಗಿತ್ತು. ಅದಿರುವ ಅಂಗಳದಲ್ಲೇ ಈಗ ಕಪ್ಪು ಹುಡುಗರು ಲ್ಯಾಟಿನ್, ಗ್ರೀಕ್ ಪುಸ್ತಕ ಹಿಡಿದು ತರಗತಿಗೆ ನಡೆದರು. ಅವರಲ್ಲಿ ವಿಲಿಯಂ ಸಿಂಕ್ಲೇರ್ ಹುಟ್ಟಿದ್ದೇ ಗುಲಾಮನಾಗಿ. ಮುಂದೆ ಆತ ಗುಲಾಮಗಿರಿಯ ನಂತರದ ದಿನಗಳನ್ನು ಕುರಿತು ಪುಸ್ತಕ ಬರೆದ. ಚಾರ್ಲ್ಸ್‌ಟನ್ನಿನ ಮೆಕ್ಯಾಂಟ್ಸ್ ಸ್ಟೂಅರ್ಟ್ 1875ರಲ್ಲಿ ಪದವಿ ಪಡೆದು ವಕೀಲನಾದ.

ಈ ಹುಡುಗರ ಪಾಲಿನ ದೊಡ್ಡ ಆಸರೆ ರಿಚರ್ಡ್ ಗ್ರೀನರ್. 1870ರಲ್ಲಿ ಹಾರ್ವರ್ಡ್ ಕಾಲೇಜಿನ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಅವರೇ. ಇಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು. ಜೊತೆಗೆ ಲ್ಯಾಟಿನ್, ಗ್ರೀಕ್ ಪಾಠವನ್ನೂ ಹೇಳಿದರು. ತಯಾರಿ ಸಾಲದವರಿಗೆ ಪೂರ್ವಸಿದ್ಧತಾ ತರಗತಿಯೂ ಇತ್ತು. 1875ರಲ್ಲಿ ಗ್ರಂಥಾಲಯದ ಹೊಣೆ ಹೊತ್ತು, ಅಸ್ತವ್ಯಸ್ತವಾಗಿದ್ದ ಸುಮಾರು 27,000 ಪುಸ್ತಕಗಳನ್ನು ಓರಣಗೊಳಿಸಿದರು. ನಡುವೆ ತಾವೂ ಕಾನೂನು ಓದಿ ಮರುವರ್ಷ ಅಲ್ಲೇ ಪದವಿ ಪಡೆದರು. ಕಲಿಸುವವರೂ ಕಲಿಯುತ್ತಿದ್ದ ಆ ನಾಲ್ಕು ವರ್ಷಗಳೇ, ನನ್ನ ಮಟ್ಟಿಗೆ, ಆ ವಿದ್ಯಾಸಂಸ್ಥೆಯ ಬದುಕಿನ ಅತ್ಯುತ್ತಮ ಕಾಲ.

1877ರಲ್ಲಿ ಬಿಳಿಯರ ಆಳ್ವಿಕೆಯನ್ನು ಮರಳಿ ತಂದ ಗವರ್ನರ್ ವೇಡ್ ಹ್ಯಾಂಪ್ಟನ್ ಅವರ ಸರ್ಕಾರ ಬಂತು, ವಿಶ್ವವಿದ್ಯಾಲಯಕ್ಕೆ ಬೀಗ ಬಿತ್ತು. ಓದು ಅರ್ಧದಲ್ಲಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ಸಿಂಕ್ಲೇರ್ ಹೋವರ್ಡ್ ವಿಶ್ವವಿದ್ಯಾಲಯ ಸೇರಿದ. 1880ರಲ್ಲಿ ಬಾಗಿಲು ತೆರೆದದ್ದು ಬಿಳಿಯರಿಗಷ್ಟೇ. ಮತ್ತೆ ಕಪ್ಪು ವಿದ್ಯಾರ್ಥಿಗಳು, ಮೂವರು, ಒಳಗೆ ಕಾಲಿಟ್ಟದ್ದು 1963ರ ಸೆಪ್ಟೆಂಬರ್‌ನಲ್ಲಿ.

2009ರಲ್ಲಿ ಶಿಕಾಗೋದಲ್ಲಿ ಕೆಡವಲಿದ್ದ ಮನೆಯೊಂದರ ಅಟ್ಟದ ಪೆಟ್ಟಿಗೆಯಲ್ಲಿ ಗ್ರೀನರ್ ಅವರ ಕಾಗದಪತ್ರಗಳು ಸಿಕ್ಕವು. ಆ ಕಾನೂನು ಪದವಿಪತ್ರವೂ ಅದರಲ್ಲಿತ್ತು. 2018ರಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದ ಬಳಿ ಅವರ ಕಂಚಿನ ಪ್ರತಿಮೆ ನಿಂತಿತು. ಕೊಲಂಬಿಯಾಕ್ಕೆ ಹೋಗುವ ಓದುಗರು ಅದನ್ನು ನೋಡಿ, ಅಧ್ಯಕ್ಷರ ಮನೆಯ ಹಿಂದಿನ ಆ ಇಟ್ಟಿಗೆಯ ಬಿಡಾರವನ್ನೂ ತಪ್ಪದೆ ನೋಡಿಬನ್ನಿ.