ರೇಷ್ಮೆಯ ಕಸಬೂ ಪರದೇಶದ ನೆರವೂ

ಮಳವಳ್ಳಿಯಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿರುವ ಹಲಗೂರಿನ ಸುತ್ತಣ ಸೀಮೆಯಲ್ಲಿ ಹಿಪ್ಪುನೇರಳೆಯ ತೋಟವೂ ಹುಳುವಿನ ಮನೆಯೂ ಹೊಸ ಸಂಗತಿಗಳಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ನಾಡಿನಲ್ಲಿ ಬೇರೂರಿದ ರೇಷ್ಮೆಯ ಕಸಬು ಅನೇಕರ ಕೈಗಳನ್ನು ಒಂದು ಎಳೆಯಲ್ಲಿ ಪೋಣಿಸಿತು. ಒಬ್ಬನು ಹುಳು ಸಾಕಿದನು; ಮೇದರವನು ಚಂದ್ರಿಕೆ ಹೆಣೆದನು; ಮತ್ತೊಬ್ಬನು ಗೂಡನ್ನು ಬೇಯಿಸಿ ಚರಕದಲ್ಲಿ ನೂಲು ಬಿಚ್ಚಿದನು. ಇಂತಹ ಕಸಬಿಗೆ ಹೊರದೇಶದ ನೆರವು ಒದಗಿದಾಗ ಈ ಕೈಗಳು ಬಲಗೊಂಡುವೆ, ಬರಿದಾದುವೆ ಎಂಬುದು ವಿಚಾರಾರ್ಹವಾಗಿರುವುದು.

ಪರದೇಶದ ವಿದ್ಯೆ ಇಲ್ಲಿಗೆ ಬಂದುದು ಇಂದು ನಿನ್ನೆಯಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಟಲಿಯ ಡಿ ವೆಚ್ಚಿ ಎಂಬಾತನು ಕೆಂಗೇರಿಯಲ್ಲಿ ಉಗಿಯಂತ್ರದಿಂದ ನೂಲು ತೆಗೆಯಲು ಯತ್ನಿಸಿದನು. ಆ ಉದ್ಯಮವು ನೆಲೆಗೊಳ್ಳಲಿಲ್ಲ. ಆ ಶತಮಾನದ ಕಡೆಯ ವರ್ಷಗಳಲ್ಲಿ ಜಮಶೇಟಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ಸ್ಥಾಪಿಸಿ, ಕಲಿಸುವುದಕ್ಕಾಗಿ ಜಪಾನಿನಿಂದ ತಜ್ಞರನ್ನು ಕರೆಯಿಸಿದರು. ಬಳಿಕ ಮೈಸೂರು ಸರ್ಕಾರವು ನೇಮಿಸಿದ ಇಟಲಿಯ ವಾಷಿಂಗ್ಟನ್ ಮಾರಿಯ ಸಲಹೆಯಂತೆ 1914ರಲ್ಲಿ ಚನ್ನಪಟ್ಟಣದಲ್ಲಿ ಸರ್ಕಾರದ ರೇಷ್ಮೆ ಕ್ಷೇತ್ರವು ಏರ್ಪಟ್ಟಿತು. ಮುಂದೆ ಮೈಸೂರು ತಳಿಯ ಹೆಣ್ಣಿಗೆ ವಿದೇಶದ ಗಂಡನ್ನು ಕೂಡಿಸಿದ ಮಿಶ್ರತಳಿಯು ರೈತರ ಮನೆಗಳಲ್ಲಿ ನಿಂತಿತು. ಯಂತ್ರವು ಹೋಯಿತು, ವಿದ್ಯೆಯು ಉಳಿಯಿತು. ಆ ವಿದ್ಯೆಗೆ ತಾಯಿಯಾದುದು ಈ ನೆಲದ ಹುಳುವೇ ಎಂಬುದನ್ನು ವಾಚಕರು ಗಮನಿಸಬೇಕು.

ಸ್ವಾತಂತ್ರ್ಯಾನಂತರದ ನೆರವು ಇನ್ನೂ ದೊಡ್ಡದು. 1980ರಲ್ಲಿ ವಿಶ್ವಬ್ಯಾಂಕಿನ ಹಣದಿಂದ ಕರ್ನಾಟಕದ ರೇಷ್ಮೆ ಯೋಜನೆಯು ಆರಂಭವಾಯಿತು. 1989ರಲ್ಲಿ ಸ್ವಿಟ್ಜರ್ಲೆಂಡಿನ ಸಹಾಯವೂ ಸೇರಿದ ರಾಷ್ಟ್ರೀಯ ರೇಷ್ಮೆ ಯೋಜನೆಯು ಮಂಜೂರಾಯಿತು. ಬ್ಯಾಂಕಿನ ಹಣವು ದಾನವಲ್ಲ, ತೀರಿಸಬೇಕಾದ ಸಾಲ. ವರ್ಷಕ್ಕೆರಡು ಪೀಳಿಗೆಯ ದ್ವಿತಳಿ ರೇಷ್ಮೆಯನ್ನು ಹಬ್ಬಿಸುವುದು ಇದರ ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು. ಆದರೆ ಬಯಲುಸೀಮೆಯ ಬಿಸಿಲಿಗೆ ತಂಪುದೇಶದ ಹುಳು ಬಾಡಿತು. ನಷ್ಟಕ್ಕಂಜಿದ ರೈತನು ಮಿಶ್ರತಳಿಯನ್ನೇ ನಚ್ಚಿಕೊಂಡನು. ಅವನದು ಮೌಢ್ಯವಲ್ಲ, ಲೆಕ್ಕಾಚಾರ.

1991ರಲ್ಲಿ ಜಪಾನಿನ ಸಹಕಾರವು ಬೇರೆ ದಾರಿ ಹಿಡಿಯಿತು. ಜಪಾನಿನ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಇಲ್ಲಿನ ವಿಜ್ಞಾನಿಗಳೊಡನೆ ಕುಳಿತು ದುಡಿದರು. ಫಲವಾಗಿ ಸಿ.ಎಸ್.ಆರ್. ಎಂಬ ದ್ವಿತಳಿಗಳು ಇಲ್ಲಿಯೇ ಹುಟ್ಟಿದುವು. ಸೋಂಕು ನಿವಾರಣೆ, ಚಾಕಿ ಸಾಕಣೆ, ಪ್ರತ್ಯೇಕ ಹುಳುಮನೆ ಇವುಗಳ ಕ್ರಮವೂ ರೈತರಿಗೆ ತಿಳಿಯಿತು. 2007ರಲ್ಲಿ ಆ ಯೋಜನೆ ಮುಗಿದರೂ ಕಲಿತದ್ದು ಮುಗಿಯಲಿಲ್ಲ.

ಆದರೂ ಲಾಭದ ಪಟ್ಟಿಯಲ್ಲಿ ಕಾಣದ ನಷ್ಟವೊಂದುಂಟು. ಬಿದಿರಿನ ಚಂದ್ರಿಕೆಯ ಸ್ಥಾನಕ್ಕೆ ಪ್ಲಾಸ್ಟಿಕ್ಕಿನದು ಬಂದಾಗ ಮೇದರ ಮನೆಯ ಕೆಲಸ ಕುಗ್ಗಿತು. ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹಿಡಿಯುವವನೂ ಚರಕ ತಿರುಗಿಸುವವನೂ ಮಾಡುತ್ತಿದ್ದುದನ್ನು ಸ್ವಯಂಚಾಲಿತ ಯಂತ್ರವು ಕೆಲವೇ ಜನರಿಂದ ಮಾಡಿಸುವುದು. ಅದರ ನೂಲು ಸಮವಾದುದು, ಬೆಲೆಯುಳ್ಳದ್ದು; ಬೆರಳು ಬೇಯುವ ಸಂಕಟವೂ ತಪ್ಪುವುದು. ಇದನ್ನು ನಿಂದಿಸುವುದು ನ್ಯಾಯವಲ್ಲ. ಆದರೆ ಯಂತ್ರಕ್ಕೆ ಸಹಾಯಧನ ಕೊಟ್ಟ ಕೈ, ಕೆಲಸ ಕಳೆದುಕೊಂಡವನಿಗೆ ಹೊಸ ಕೆಲಸವನ್ನು ಕಲಿಸಿತೇ ಎಂದು ಕೇಳುವುದು ನ್ಯಾಯವೇ ಸರಿ.

ದಾನಕ್ಕೆ ಮುಂಚೆ ಪಾತ್ರನನ್ನು ಪರೀಕ್ಷಿಸಬೇಕೆಂದು ಹಿರಿಯರು ವಿಧಿಸಿದರು. ಪಡೆಯುವವನೂ ದಾನವನ್ನು ಪರೀಕ್ಷಿಸಬೇಕಾದುದು ಅಷ್ಟೇ ಅವಶ್ಯಕ. ಕೊಟ್ಟವನು ಹಿಂತಿರುಗಿದ ಮೇಲೆ ಇಲ್ಲಿಯವನು ತಾನೇ ಮಾಡಿಕೊಳ್ಳಬಲ್ಲನಾದರೆ ಅದು ನೆರವು. ಇಲ್ಲವಾದರೆ ಅದು ಕೇವಲ ಸರಕು. ಹಲಗೂರಿನ ಸೀಮೆಯ ಹುಳುಮನೆಗಳೂ ಮೇದರ ಮನೆಗಳೂ ಒಟ್ಟಿಗೆ ಈ ಪರೀಕ್ಷೆಗೆ ಒಳಗಾಗಬೇಕು. ಒಂದರ ಏಳಿಗೆಯನ್ನು ಬರೆದು ಇನ್ನೊಂದರ ಬರಿದನ್ನು ಬಿಟ್ಟರೆ ಚರಿತ್ರೆಯು ಅರ್ಧವಾಗುವುದು.