ರಸ್ತೆಗೆ ಸುರಿದ ಉಪ್ಪು

ಹಿಮ ಬಿದ್ದ ರಸ್ತೆಗೆ ಉಪ್ಪು ಹರಡುವ ಪದ್ಧತಿ ಅಮೆರಿಕದಲ್ಲಿ ಮೋಟಾರು ವಾಹನಗಳೊಂದಿಗೆ ಬೆಳೆದು ಬಂತು. ಜಾರುಬಂಡಿಗಳ ಕಾಲದಲ್ಲಿ ನ್ಯೂ ಇಂಗ್ಲೆಂಡ್ ಪ್ರದೇಶದ ಊರುಗಳು ಹಿಮವನ್ನು ತೆಗೆಯುತ್ತಿರಲಿಲ್ಲ. ದೊಡ್ಡ ಉರುಳೆ ಎಳೆದು ಗಟ್ಟಿ ಮಾಡುತ್ತಿದ್ದವು. ಕಾರುಗಳು ಬಂದ ಮೇಲೆ ಹಿಮವನ್ನು ಬದಿಗೆ ತಳ್ಳಿ, ಜಾರದಂತೆ ಮರಳು, ಬೂದಿ ಎರಚುವುದು ರೂಢಿಯಾಯಿತು. 1938ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಪ್ರಯೋಗಾರ್ಥವಾಗಿ ಉಪ್ಪು ಬಳಸಿತು. 1941–42ರ ಚಳಿಗಾಲದಲ್ಲಿ ಇಡೀ ದೇಶದ ಹೆದ್ದಾರಿಗಳಿಗೆ ಬಿದ್ದದ್ದು ಸುಮಾರು 5,000 ಟನ್ ಮಾತ್ರ.

ಎರಡನೆಯ ಮಹಾಯುದ್ಧದ ನಂತರ ಹೆದ್ದಾರಿಗಳ ಜಾಲ ಹರಡಿತು. ಚಳಿಗಾಲದಲ್ಲೂ ರಸ್ತೆಯ ಡಾಂಬರು ಕಾಣುವಂತಿರಬೇಕು ಎಂಬುದೇ ಇಲಾಖೆಗಳ ನೀತಿಯಾಯಿತು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗಿಂತ ಕೆಳಗೂ ಹೆಪ್ಪುಗಟ್ಟದು. ಆದರೆ ಉಷ್ಣತೆ ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಸಾಮಾನ್ಯ ಉಪ್ಪಿನ ಪರಿಣಾಮ ತೀರಾ ಮಂದವಾಗುತ್ತದೆ. ಆದರೂ ಗಣಿಯ ಕಲ್ಲುಪ್ಪು ಅಗ್ಗವಾಗಿ ಸಿಗುತ್ತಿದ್ದರಿಂದ 1970ರ ಹೊತ್ತಿಗೆ ವಾರ್ಷಿಕ ಬಳಕೆ ಒಂದು ಕೋಟಿ ಟನ್ನಿನ ಆಸುಪಾಸಿಗೆ ಏರಿತ್ತು.

ಹಾನಿ ಮೊದಲು ಕಣ್ಣಿಗೆ ಬಿದ್ದದ್ದು ರಸ್ತೆ ಬದಿಯಲ್ಲಿ. 1950ರ ದಶಕದಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಮೇಪಲ್ ಮರಗಳು ಒಣಗತೊಡಗಿದವು. ಕಾರುಗಳ ತಗಡಿಗೆ, ಸೇತುವೆಗಳ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯಿತು. ಉಪ್ಪು ನೆಕ್ಕಲು ರಸ್ತೆ ಬದಿಗೆ ಬರುವ ಮೂಸ್ ಎಂಬ ದೊಡ್ಡ ಜಿಂಕೆಗಳು ವಾಹನಗಳಿಗೆ ಸಿಕ್ಕಿ ಸಾಯುವುದೂ ಉಂಟು.

ನೀರಿಗಾದ ಹಾನಿ ತಡವಾಗಿ ತಿಳಿಯಿತು. ಮ್ಯಾಸಚೂಸೆಟ್ಸ್‌ನ ಬರ್ಲಿಂಗ್ಟನ್ ಪಟ್ಟಣ ಕುಡಿಯುವ ನೀರಿನ ಬಾವಿಗಳು ಉಪ್ಪಾದ ಕಾರಣ 1970ರಲ್ಲಿ ತನ್ನ ಬೀದಿಗಳಲ್ಲಿ ಉಪ್ಪನ್ನು ನಿಷೇಧಿಸಿತು. ರೋಚೆಸ್ಟರ್ ನಗರದ ಬಳಿಯ ಐರಾಂಡಿಕ್ವಾಟ್ ಕೊಲ್ಲಿಯಲ್ಲಿ ಭಾರವಾದ ಉಪ್ಪುನೀರು ತಳದಲ್ಲೇ ನಿಂತು, ವಸಂತದಲ್ಲಿ ಮೇಲಿನ ನೀರೂ ಕೆಳಗಿನ ನೀರೂ ಪೂರ್ತಿ ಬೆರೆಯುವುದು ತಪ್ಪಿತು. ಹೀಗಾದಾಗ ತಳದ ಜೀವಿಗಳಿಗೆ ಆಮ್ಲಜನಕ ಸಿಗುವುದಿಲ್ಲ. ಸುತ್ತಲಿನ ರಸ್ತೆಗಳಲ್ಲಿ ಬಳಕೆ ತಗ್ಗಿದ ಮೇಲೆ ಕೊಲ್ಲಿ ಚೇತರಿಸಿಕೊಂಡಿತು.

ಮನುಷ್ಯರ ಆರೋಗ್ಯದ ದೃಷ್ಟಿಯಿಂದ ಮುಖ್ಯವಾದದ್ದು ಸೋಡಿಯಂ. ಕಟ್ಟುನಿಟ್ಟಾಗಿ ಉಪ್ಪು ಬಿಡಬೇಕಾದ ರೋಗಿಗಳಿಗಾಗಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಲೀಟರ್ ನೀರಿಗೆ 20 ಮಿಲಿಗ್ರಾಂ ಸೋಡಿಯಂ ಮಿತಿಯನ್ನು ಸೂಚಿಸಿದೆ. ಕ್ಲೋರೈಡ್ ಹೆಚ್ಚಾದ ನೀರು ಹಳೆಯ ಕೊಳವೆಗಳನ್ನು ಸವೆಸಿ ಸೀಸವನ್ನು ಕುಡಿಯುವ ನೀರಿಗೆ ಸೇರಿಸಬಲ್ಲದು. ಜಲಚರಗಳ ರಕ್ಷಣೆಗೆಂದು ಅದೇ ಸಂಸ್ಥೆ 1988ರಲ್ಲಿ ಕ್ಲೋರೈಡಿನ ದೀರ್ಘಕಾಲಿಕ ಮಿತಿಯನ್ನು ಲೀಟರಿಗೆ 230 ಮಿಲಿಗ್ರಾಂ ಎಂದು ಗೊತ್ತುಪಡಿಸಿತು.

ಕೆನಡಾ 2001ರಲ್ಲಿ ರಸ್ತೆ ಉಪ್ಪು ಪರಿಸರಕ್ಕೆ ವಿಷಕಾರಿ ಎಂಬ ತೀರ್ಮಾನಕ್ಕೆ ಬಂತು. ಆದರೆ ಅಪಘಾತಗಳ ಭಯದಿಂದ ನಿಷೇಧಿಸದೆ, 2004ರಲ್ಲಿ ಬಳಕೆಯ ನಿಯಮಾವಳಿ ತಂದಿತು. ರಾಶಿಗಳಿಗೆ ಸೂರು ಹಾಕುವುದು, ಹಿಮ ಬೀಳುವ ಮೊದಲೇ ಉಪ್ಪುನೀರು ಸಿಂಪಡಿಸುವುದು, ಹರಡುವ ಯಂತ್ರಗಳನ್ನು ಅಳತೆಗೆ ಹೊಂದಿಸುವುದು ಈಗ ಹಲವೆಡೆ ರೂಢಿಯಲ್ಲಿವೆ. ಬದಲಿ ವಸ್ತುಗಳಿಗೂ ತೊಡಕುಗಳಿವೆ: ಮರಳು ಹೊಳೆಯ ತಳದಲ್ಲಿ ಹೂಳಾಗುತ್ತದೆ, ಬೀಟ್‌ರೂಟ್ ರಸ ಕೊಳೆತು ನೀರಿನ ಆಮ್ಲಜನಕ ತಿನ್ನುತ್ತದೆ. ಕ್ಲೋರೈಡನ್ನು ಸೂಕ್ಷ್ಮಜೀವಿಗಳು ಕರಗಿಸಲಾರವು, ಮಣ್ಣು ಹೆಚ್ಚು ಕಾಲ ಹಿಡಿದಿಡಲಾರದು. ನೀರಿಗಿಳಿದ ಮೇಲೆ ಅದನ್ನು ತೆಗೆಯುವುದು ಬಲು ದುಬಾರಿ. ಸುರಿಯುವಾಗಲೇ ಕಡಿಮೆ ಸುರಿಯುವುದೊಂದೇ ನಡೆಯುವ ದಾರಿ.